ರಕ್ಷಣಾ ಆಟಗಾರನ ಬೆಲೆ: ಹಾಕಿಯ ಚರಿತ್ರೆಯಲ್ಲಿ ಒಂದು ವಿಚಾರ

ಸೋಲಿನ ಮೇಲೆ ಸೋಲನ್ನು ಕಾಣುತ್ತಿರುವ ಹಾಕಿ ತಂಡವೊಂದು ತನ್ನ ಹಣದ ದೊಡ್ಡ ಪಾಲನ್ನು ತೆತ್ತು ಪ್ರಖ್ಯಾತನಾದ ಒಬ್ಬ ರಕ್ಷಣಾ ಆಟಗಾರನನ್ನು ಪಡೆಯುವುದು ಯುಕ್ತವೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ತರಬೇತುದಾರರೂ ತಂಡದ ಒಡೆಯರೂ ಕೇಳಿಕೊಳ್ಳುತ್ತಾರೆ. ಆದರೆ ಇದರಲ್ಲಿ ಚರಿತ್ರೆಯ ಅಭ್ಯಾಸಿಗೂ ಕೆಲಸವುಂಟು. ಏಕೆಂದರೆ, ಕಳೆದ ಅರುವತ್ತು ವರ್ಷಗಳಲ್ಲಿ ರಕ್ಷಣಾ ಆಟಗಾರನ ಬೆಲೆ ಮಾತ್ರವಲ್ಲ, ಆ ಬೆಲೆಗೆ ದೊರೆಯುವ ವಸ್ತುವೇ ಬದಲಾಗಿದೆ. ಕೊಳ್ಳುವುದು ಏನನ್ನು ಎಂಬುದು ತಿಳಿಯದೆ ಕೊಳ್ಳಬೇಕೆ ಬೇಡವೆ ಎಂಬುದನ್ನು ನಿರ್ಣಯಿಸಲಾಗದು.

ಹಿಂದಿನ ಕಾಲದ ಹಾಕಿಯಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಫುಲ್‌ಬ್ಯಾಕ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಐವರು ಫಾರ್ವರ್ಡ್‌ಗಳು ನಿಲ್ಲುತ್ತಿದ್ದರು. ಆ ದಿನಗಳಲ್ಲಿ ಆಟಗಾರನಿಗೆ ಹರಾಜಿನ ಬೆಲೆಯಿರಲಿಲ್ಲ, ಉದ್ಯೋಗವಿತ್ತು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲಾದ ಕಾರ್ಖಾನೆಗಳೂ ಮದ್ರಾಸ್ ಎಂಜಿನಿಯರ್ ಗ್ರೂಪ್, ಆರ್ಮಿ ಸರ್ವಿಸ್ ಕೋರ್ ಮೊದಲಾದ ಸೇನಾ ವಿಭಾಗಗಳೂ ತಂಡಗಳನ್ನು ಪೋಷಿಸಿದವು. ಕೊಡಗಿನ ಬಿ. ಪಿ. ಗೋವಿಂದ ಅವರು ಏರ್ ಇಂಡಿಯಾವನ್ನೂ ಎಂ. ಎಂ. ಸೋಮಯ್ಯ ಅವರು ಭಾರತ್ ಪೆಟ್ರೋಲಿಯಂ ಸಂಸ್ಥೆಯನ್ನೂ ಸೇರಿದುದು ಈ ಪದ್ಧತಿಯಂತೆಯೇ. ಆಟಗಾರನ ವರ್ಗಾವಣೆ ನಡೆಯುತ್ತಿದ್ದುದು ನೇಮಕಾತಿಯ ಆದೇಶದಿಂದ. ಸಮರ್ಥನಾದ ಫುಲ್‌ಬ್ಯಾಕ್ ಒಬ್ಬನು ಬಂದನೆಂದು ಮಿಕ್ಕ ಹತ್ತು ಮಂದಿಯ ಸಂಬಳ ಕಡಿಮೆಯಾಗುತ್ತಿರಲಿಲ್ಲ. ಆದಕಾರಣ ‘ಅವನಿಗಾಗಿ ಇಷ್ಟು ತೆರಬಹುದೆ’ ಎಂಬ ಪ್ರಶ್ನೆ ಅಂದು ಇಂದಿನಷ್ಟು ತೀವ್ರವಾಗಿ ಹುಟ್ಟಲಿಲ್ಲ.

ಹಾಗೆಂದು ಅಂದಿನ ಫುಲ್‌ಬ್ಯಾಕ್ ಕೇವಲ ಕಾವಲುಗಾರನಾಗಿದ್ದನೆಂದು ಭಾವಿಸಬಾರದು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಗೆದ್ದ ಭಾರತದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದವರು ಫುಲ್‌ಬ್ಯಾಕ್ ಪೃಥೀಪಾಲ್ ಸಿಂಗ್. 1975ರಲ್ಲಿ ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತವು ಮಲೇಷ್ಯಾದ ಎದುರು 1-2ರಿಂದ ಹಿಂದೆ ಬಿದ್ದಿದ್ದಾಗ, ಬದಲಿ ಆಟಗಾರನಾಗಿ ಬಂದ ಫುಲ್‌ಬ್ಯಾಕ್ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದು ತಂಡವನ್ನು ಉಳಿಸಿದರು. ಪಾಕಿಸ್ತಾನದ ಎದುರಿನ ಫೈನಲ್‌ನಲ್ಲಿ ಭಾರತದ ಎರಡು ಗೋಲುಗಳಲ್ಲಿ ಒಂದು ಸುರ್ಜೀತ್ ಸಿಂಗ್ ಅವರದು. ಅವರೂ ಫುಲ್‌ಬ್ಯಾಕ್, ಆ ಗೋಲೂ ಪೆನಾಲ್ಟಿ ಕಾರ್ನರಿನದು. ಗೋವಿಂದ ಅವರು ಆ ವಿಜಯೀ ತಂಡದಲ್ಲಿದ್ದರು.

ಮರುವರ್ಷವೇ ಆಟದ ನೆಲ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಚೆಂಡು ಪುಟಿಯದೆ ನೇರವಾಗಿ ಹರಿಯುವ ಆ ನೆಲದ ಮೇಲೆ ಮುಂದೆ ಡ್ರ್ಯಾಗ್ ಫ್ಲಿಕ್ ಎಂಬ ವಿದ್ಯೆ ಬೆಳೆಯಿತು. ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತವನ್ನು ಕೋಲಿನಿಂದ ಬೀಸಿ ಹೊಡೆದರೆ, ಚೆಂಡು 460 ಮಿಲಿಮೀಟರಿಗಿಂತ ಎತ್ತರದಲ್ಲಿ ಗೋಲಿನ ಗೆರೆಯನ್ನು ದಾಟಬಾರದೆಂಬುದು ನಿಯಮ. ಚೆಂಡನ್ನು ನೆಲದ ಮೇಲೆ ಎಳೆದು ಚಿಮ್ಮಿಸುವವನಿಗೆ ಈ ನಿರ್ಬಂಧವಿಲ್ಲ. ಇದರಿಂದ ಗೋಲಿನ ಪೂರ್ಣ ಎತ್ತರವೂ ಅವನಿಗೆ ಗುರಿಯಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10 ಗೋಲು ಹೊಡೆದು ಎಲ್ಲ ದೇಶಗಳ ಆಟಗಾರರಿಗಿಂತ ಮುಂದಿದ್ದ ಹರ್ಮನ್‌ಪ್ರೀತ್ ಸಿಂಗ್ ರಕ್ಷಣಾ ಆಟಗಾರರೇ ಎಂಬುದು ಗಮನಾರ್ಹ.

ಈ ವಿದ್ಯೆ ಬಲಿತಿದ್ದ ಕಾಲದಲ್ಲಿಯೇ ಮಾರುಕಟ್ಟೆಯೂ ತೆರೆಯಿತು. 2005ರಲ್ಲಿ ಆರಂಭವಾದ ಪ್ರೀಮಿಯರ್ ಹಾಕಿ ಲೀಗಿನ ಮೊದಲ ಪ್ರಶಸ್ತಿಯನ್ನು ಹೈದರಾಬಾದ್ ಸುಲ್ತಾನ್ಸ್ ಗೆದ್ದಿತು. ಪಾಕಿಸ್ತಾನದ ಸುಪ್ರಸಿದ್ಧ ಡ್ರ್ಯಾಗ್ ಫ್ಲಿಕ್‌ಗಾರ ಸೊಹೈಲ್ ಅಬ್ಬಾಸ್ ಆ ತಂಡದಲ್ಲಿದ್ದರು. 2006ರಲ್ಲಿ ಬೆಂಗಳೂರು ಲಯನ್ಸ್, 2008ರಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ವಿಜಯಿಗಳಾದವು. ಅನಂತರ ಹಾಕಿ ಇಂಡಿಯಾ ಲೀಗ್ ಬಂದಿತು. ಅದರ ಮೊದಲ ಹರಾಜು ನಡೆದುದು 2012ರ ಡಿಸೆಂಬರಿನಲ್ಲಿ. ಕೊಡಗಿನ ಫುಲ್‌ಬ್ಯಾಕ್ ವಿ. ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶ ವಿಜರ್ಡ್ಸ್ 76 ಸಾವಿರ ಡಾಲರುಗಳಿಗೆ ಕೊಂಡಿತು. ಅಂದು ಅವರಿಗಿಂತ ಹೆಚ್ಚಿನ ಬೆಲೆ ಪಡೆದವರು 78 ಸಾವಿರ ಡಾಲರಿನ ಸರ್ದಾರ್ ಸಿಂಗ್ ಒಬ್ಬರೇ. ಆದರೆ 2013ರಿಂದ 2017ರವರೆಗಿನ ಐದು ಋತುಗಳಲ್ಲಿ ಆ ತಂಡಕ್ಕೆ ಒಮ್ಮೆಯೂ ಪ್ರಶಸ್ತಿ ಲಭಿಸಲಿಲ್ಲ.

2024ರ ಅಕ್ಟೋಬರಿನ ಹರಾಜಿನ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಪುರುಷರ ಪ್ರತಿಯೊಂದು ತಂಡವೂ 4 ಕೋಟಿ ರೂಪಾಯಿಗಳ ಮಿತಿಯಲ್ಲಿ 24 ಆಟಗಾರರನ್ನು ಆರಿಸಿಕೊಳ್ಳಬೇಕಾಗಿತ್ತು. ಸೂರ್ಮಾ ತಂಡವು ಹರ್ಮನ್‌ಪ್ರೀತ್ ಒಬ್ಬರಿಗೇ 78 ಲಕ್ಷ ತೆತ್ತಿತು. ಎಂದರೆ ಒಟ್ಟು ಮಿತಿಯ ಸುಮಾರು ಐದನೆಯ ಒಂದು ಭಾಗ. ಉಳಿದ 23 ಮಂದಿಗೆ ತಲಾ 14 ಲಕ್ಷ. ಹೈದರಾಬಾದ್ ತೂಫಾನ್ಸ್ ಜರ್ಮನಿಯ ಗೊನ್ಸಾಲೊ ಪೆಯ್ಯಾಟ್ ಅವರಿಗೆ 68 ಲಕ್ಷ ಕೊಟ್ಟಿತು. 2025ರ ಫೆಬ್ರವರಿ 1ರಂದು ಫೈನಲ್‌ನಲ್ಲಿ ಆ ತಂಡವನ್ನು 4-3ರಿಂದ ಸೋಲಿಸಿದುದು ಬಂಗಾಳದ ತಂಡ. ಅಂದು ಮೂರು ಗೋಲು ಹೊಡೆದ ಜುಗರಾಜ್ ಸಿಂಗ್ ಕೂಡ ರಕ್ಷಣಾ ಆಟಗಾರರೇ. ಅವರ ಬೆಲೆ 48 ಲಕ್ಷ.

ಇದರಿಂದ ಕಡಮೆ ಬೆಲೆಯವನೇ ಲೇಸೆಂದು ತೀರ್ಮಾನಿಸುವುದು ಅವಸರವಾದೀತು. ಅದೇ ಬಂಗಾಳವು ಮುಂಚೂಣಿಯ ಅಭಿಷೇಕ್ ಅವರಿಗೆ 72 ಲಕ್ಷ ಕೊಟ್ಟಿತ್ತು. ಅಂದರೆ ಆ ತಂಡ ಮಿತವ್ಯಯ ಮಾಡಲಿಲ್ಲ. ಕಾರ್ನರನ್ನು ಗೋಲಾಗಿಸುವವನ ಜೊತೆಗೆ ಎದುರಾಳಿಯ ವೃತ್ತದೊಳಗೆ ನುಗ್ಗಬಲ್ಲವನಿಗೂ ಹಣವನ್ನಿಟ್ಟಿತು. ನಮ್ಮ ಪ್ರಶ್ನೆಯ ಮರ್ಮ ಇಲ್ಲಿದೆ. ದುಬಾರಿ ಫುಲ್‌ಬ್ಯಾಕಿಗೆ ಕೊಡುವ ಹಣದ ಬಹುಭಾಗ ಸಲ್ಲುವುದು ರಕ್ಷಣೆಗಲ್ಲ, ಪೆನಾಲ್ಟಿ ಕಾರ್ನರಿಗೆ. ಆದರೆ ಕಾರ್ನರನ್ನು ಅವನೊಬ್ಬನೇ ಗಳಿಸಲಾರ. ಮುಂಚೂಣಿಯವರು ಅದನ್ನು ಸಂಪಾದಿಸಬೇಕು; ಒಬ್ಬನು ಚೆಂಡನ್ನು ತಳ್ಳಬೇಕು, ಮತ್ತೊಬ್ಬನು ಅಲುಗದಂತೆ ನಿಲ್ಲಿಸಬೇಕು. ಆಮೇಲೆ ಅವನ ಸರದಿ.

ಆದಕಾರಣ, ಸೋಲುತ್ತಿರುವ ತಂಡವು ಮೊದಲು ಸೋಲಿನ ಕಾರಣವನ್ನು ಪರೀಕ್ಷಿಸಬೇಕು. ಕಾರ್ನರುಗಳು ದೊರೆತೂ ಗೋಲುಗಳಾಗುತ್ತಿಲ್ಲವಾದರೆ ಹೆಚ್ಚಿನ ಬೆಲೆಯನ್ನು ತೆರುವುದು ನ್ಯಾಯವೇ ಸರಿ. ಮಧ್ಯಪಂಕ್ತಿ ಸಡಿಲವಾಗಿ ಎದುರಾಳಿಗಳು ಒಳನುಗ್ಗುತ್ತಿದ್ದರೆ, ಒಬ್ಬ ಫುಲ್‌ಬ್ಯಾಕ್ ಎಷ್ಟೇ ದೊಡ್ಡವನಾದರೂ ಆ ಬಿರುಕನ್ನು ಮುಚ್ಚಲಾರ. ಅವನಿಗಾಗಿ ಹಾಫ್‌ಬ್ಯಾಕ್‌ಗಳ ಪಾಲನ್ನು ಕಡಿದರೆ ಬಿರುಕು ಇನ್ನಷ್ಟು ಅಗಲವಾದೀತು.

ಈ ವಿವೇಚನೆ ನಮ್ಮ ನಾಡಿಗೆ ಹೊರತಾದುದಲ್ಲ. 2013ರಿಂದ 2017ರವರೆಗಿನ ಋತುಗಳಲ್ಲಾಗಲಿ, 2024-25ರ ಋತುವಿನಲ್ಲಾಗಲಿ ಹಾಕಿ ಇಂಡಿಯಾ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವಿರಲಿಲ್ಲ. ಕರ್ನಾಟಕವು ಆ ಸಂತೆಗೆ ಆಟಗಾರರನ್ನು ಕಳುಹಿಸಿತೇ ಹೊರತು ಕೊಳ್ಳುವವರ ಸಾಲಿನಲ್ಲಿ ನಿಲ್ಲಲಿಲ್ಲ. ಮುಂದೊಮ್ಮೆ ನಿಂತರೆ ಈ ಲೆಕ್ಕ ನೆನಪಿನಲ್ಲಿರಬೇಕು. ದೊಡ್ಡಬಳ್ಳಾಪುರದಲ್ಲಿಯೋ ಹೊಸಕೋಟೆಯಲ್ಲಿಯೋ ಮಣ್ಣಿನ ಮೈದಾನದ ಮೇಲೆ ತಂಡ ಕಟ್ಟುವ ಕಾಲೇಜಿಗೂ ಇದರಿಂದ ಒಂದು ಪಾಠವುಂಟು. ಚೆಂಡು ಪುಟಿಯುವ ಆ ನೆಲದಲ್ಲಿ ಡ್ರ್ಯಾಗ್ ಫ್ಲಿಕ್ಕಿನ ಬೆಲೆ ತಾನಾಗಿಯೇ ಇಳಿಯುತ್ತದೆ. ಚೆಂಡನ್ನು ತಡೆದು, ನೋಡಿ, ಸರಿಯಾದ ಕಡೆಗೆ ಕೊಡುವ ಹಳೆಯ ಫುಲ್‌ಬ್ಯಾಕಿನ ಬೆಲೆ ಏರುತ್ತದೆ. ಅಂಥವನನ್ನು ಹರಾಜಿನಲ್ಲಿ ಹುಡುಕಬೇಕಾಗಿಲ್ಲ, ಅಭ್ಯಾಸದಿಂದ ಬೆಳೆಸಬಹುದು.