ಗಾಡಿ ನಿಂತಾಗ ಯಾರ ಲೆಕ್ಕ?

ನಾಸಿಕ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಗೋದಾವರಿ, ಪಂಚವಟಿ, ತ್ರ್ಯಂಬಕೇಶ್ವರ. ಔರಂಗಾಬಾದ್ ಅಂದರೆ ಎಲ್ಲೋರದ ಕೈಲಾಸ. ಅದನ್ನು ಕೊರೆಸಿದ ರಾಷ್ಟ್ರಕೂಟರ ಕೃಷ್ಣ ನಮ್ಮವನು ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. 2023ರಿಂದ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ಆದರೆ ಈ ಎರಡೂ ಊರುಗಳಿಗೆ ಮೇಲಿಂದ ಮೇಲೆ ಬಂದರೂ ಗೋದಾವರಿಯಲ್ಲಿ ಮುಳುಗು ಹಾಕದ, ಕೈಲಾಸ ನೋಡದ ಕನ್ನಡಿಗರಿದ್ದಾರೆ. ಅವರು ಲಾರಿ ಡ್ರೈವರುಗಳು. ಇಂಡಿ, ಸಿಂದಗಿ, ಅಫಜಲಪುರ, ಹುಬ್ಬಳ್ಳಿ ಕಡೆಯವರು. ಮಹಾರಾಷ್ಟ್ರದೊಳಗೇ ಇರುವ ಜತ್ತ, ಅಕ್ಕಲಕೋಟೆಯ ಕನ್ನಡ ಮನೆಗಳವರು. ನಾಸಿಕ್‌ನ ಸಾತಪುರ, ಅಂಬಡ, ಸಂಭಾಜಿನಗರದ ವಾಳೂಜ, ಚಿಕಲಠಾಣಾ ಇಲ್ಲೆಲ್ಲ ಕಾರ್ಖಾನೆ ಗೇಟಿನ ಹೊರಗೆ ಸಾಲು ನಿಂತ ಗಾಡಿಗಳ ಹತ್ತಿರ ಹೋದರೆ ನಮ್ಮ ಮಾತು ಕಿವಿಗೆ ಬೀಳುತ್ತದೆ.

ಅವರಲ್ಲಿ ಹೊಸದಾಗಿ ಹೆವಿ ಲೈಸೆನ್ಸ್ ಮಾಡಿಸಿದ ಹುಡುಗರ ಪ್ರಶ್ನೆ ಒಂದೇ: “ಕಾಕಾ, ಯಾವ ಕಂಪನಿ ಹಿಡಿದರ ಛಲೋ?” ತಿಳಿದ ಕಾಕಾಗಳ ಉತ್ತರ ಪಗಾರದಿಂದ ಶುರುವಾಗುವುದಿಲ್ಲ. “ಗಾಡಿ ನಿಂತಾಗ ಯಾರ ಲೆಕ್ಕ, ಅದನ್ನ ಮೊದಲ ಕೇಳು” ಅನ್ನುತ್ತಾರೆ. ಈ ಒಂದು ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಬಹಳ ಮಂದಿ ಮರೆತಿರುವ ಸಂಗತಿ: 1956ರ ನವೆಂಬರ್ 1ರ ತನಕ ಔರಂಗಾಬಾದ್, ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿ 1932ರಲ್ಲೇ ನಿಜಾಮರ ರೈಲ್ವೆ 27 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿತ್ತು. ಬಸ್ಸಿನ ಡ್ರೈವರಿಗೆ ತಿಂಗಳ ಪಗಾರ ಅಂತ ಒಂದಿತ್ತು. ಲಾರಿಯ ಲೋಕವೇ ಬೇರೆ. ಅಲ್ಲಿ ಮಾಲೀಕ, ಡ್ರೈವರ್, ಕ್ಲೀನರ್ ಮೂವರೇ. ಗಾಡಿ ತಿರುಗಿದರೆ ಮೂವರಿಗೂ ಊಟ, ನಿಂತರೆ ಮೊದಲು ಖಾಲಿಯಾಗುವುದು ಕೆಳಗಿನ ಇಬ್ಬರ ಜೇಬು.

ರಾಜ್ಯಗಳು ಬೇರೆಯಾದ ಮೇಲೆ ಅದೇ ರಸ್ತೆಯ ಮೇಲೆ ಗಡಿ ಬಂತು. 1939ರ ಮೋಟಾರು ವಾಹನ ಕಾಯಿದೆ ಪ್ರಕಾರ ಒಂದು ರಾಜ್ಯದ ಪರ್ಮಿಟ್ಟಿಗೆ ಇನ್ನೊಂದು ರಾಜ್ಯದ ಮೇಲುಸಹಿ ಬೇಕು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದರೂ ಅದು ಎಲ್ಲರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಪರ್ಮಿಟ್ ಇದ್ದವನೇ ಸೇಠ. ಹಾಗಾಗಿ ಆ ಕಾಲದ ಹುಡುಗ ಕಂಪನಿ ಆರಿಸುತ್ತಿರಲಿಲ್ಲ, ಉಸ್ತಾದನನ್ನು ಆರಿಸುತ್ತಿದ್ದ. ಊರಿನವನೋ ನೆಂಟನೋ ಆದ ಡ್ರೈವರನ ಹಿಂದೆ ಕ್ಲೀನರ್ ಆಗಿ ಹೊರಟರೆ ಗಾಡಿ ತೊಳೆಯೋದು, ತಾಡಪತ್ರಿ ಕಟ್ಟೋದು, ಗಾಲಿಗೆ ಕಲ್ಲು ಇಡೋದು. ರಾತ್ರಿ ಖಾಲಿ ರಸ್ತೆಯಲ್ಲಿ ಉಸ್ತಾದ ಸ್ಟೇರಿಂಗ್ ಕೊಟ್ಟರೆ ಅದೇ ಶಾಲೆ. ಬೈಗುಳ ಧಾರಾಳ, ಪಗಾರ ನೆಪಕ್ಕೆ. ಆದರೂ ಒಂದು ಅನುಕೂಲವಿತ್ತು. ಹುಡುಗ ಒಬ್ಬನೇ ಇರುತ್ತಿರಲಿಲ್ಲ.

ಇತ್ತ ಸರಕು ಹೆಚ್ಚುತ್ತಾ ಹೋಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಹುಟ್ಟಿತು. 1985ರಲ್ಲಿ ವಾಳೂಜದಲ್ಲಿ ಬಜಾಜ್ ಕಾರ್ಖಾನೆ ಬಂತು. ನಾಸಿಕ್‌ನಲ್ಲಿ ಮಹೀಂದ್ರಾ ಮತ್ತು ನಮ್ಮ ಬೆಂಗಳೂರಿನ ಮೈಕೋ ನೆಲೆಯೂರಿದವು. ಲಾಸಲಗಾಂವದ ಉಳ್ಳಾಗಡ್ಡಿ, ನಾಸಿಕ್ ದ್ರಾಕ್ಷಿ ಇವೂ ಲಾರಿಯನ್ನೇ ಕಾಯುವ ಮಾಲು. ಇದೇ ಹೊತ್ತಿಗೆ ನಮ್ಮ ನಾಡಿನಲ್ಲೂ ಒಂದು ಬೆಳವಣಿಗೆಯಾಯಿತು. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿದ ವಿಜಯಾನಂದ ರೋಡ್‌ಲೈನ್ಸ್ ಹುಬ್ಬಳ್ಳಿಗೆ ಬಂದು ಬೆಳೆದು, ಸಾವಿರಗಟ್ಟಲೆ ಸ್ವಂತ ಗಾಡಿಗಳ ವಿಆರ್‌ಎಲ್ ಆಯಿತು. 2015ರಲ್ಲಿ ಅದರ ಷೇರು ಪೇಟೆಗೆ ಬಂತು. ಉತ್ತರ ಕರ್ನಾಟಕದ ಹುಡುಗನಿಗೆ ‘ಕಂಪನಿ ಗಾಡಿ’ ಎಂಬ ಮಾತಿಗೆ ಅರ್ಥ ಬಂದದ್ದು ಇಂಥ ಸಂಸ್ಥೆಗಳಿಂದ.

ವ್ಯತ್ಯಾಸ ಎಲ್ಲಿ ಅಂತೀರಾ? ಪಾರ್ಸೆಲ್ ಲೈನಿನ ಗಾಡಿ ಡಿಪೋದಿಂದ ಡಿಪೋಗೆ ಹೋಗುತ್ತದೆ. ಹೊರಡುವ, ಮರಳುವ ಹೊತ್ತು ಹೆಚ್ಚುಕಡಿಮೆ ಗೊತ್ತಿರುತ್ತದೆ. ಕೆಟ್ಟರೆ ಕಂಪನಿಯ ಗ್ಯಾರೇಜು. ಮಾರ್ಕೆಟ್ ಲೋಡಿನ ಸಣ್ಣ ಮಾಲೀಕನ ಗಾಡಿ ಹಾಗಲ್ಲ. ನಾಸಿಕ್‌ನಲ್ಲಿ ಮಾಲು ಇಳಿಸಿದ ಮೇಲೆ ವಾಪಸ್ ಲೋಡು ಬ್ರೋಕರ್ ಕೊಟ್ಟಾಗಲೇ. ಒಂದು ದಿನವಾಗಬಹುದು, ನಾಲ್ಕು ದಿನವಾಗಬಹುದು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಆ ನಾಲ್ಕು ದಿನ ದಿನಗಳೇ ಅಲ್ಲ! ಹಾಗಂತ ಸಣ್ಣ ಮಾಲೀಕರೆಲ್ಲ ಕೆಟ್ಟವರೇನಲ್ಲ. ಮನೆಯಲ್ಲಿ ಕಷ್ಟ ಅಂದರೆ ಕಾಗದ ಪತ್ರ ಕೇಳದೆ ಮುಂಗಡ ಕೊಡುವವನೂ ಅವನೇ. ದೊಡ್ಡ ಕಂಪನಿಯಲ್ಲಿ ಶಿಸ್ತು ಜಾಸ್ತಿ, ಡೀಸೆಲ್ಲಿನ ಆವರೇಜ್ ಲೆಕ್ಕವೂ ಬಿಗಿ. ಕಡಿಮೆ ಬಂದರೆ ಯಾರ ತಲೆಗೆ ಅನ್ನುವುದನ್ನು ಸೇರುವ ಮೊದಲೇ ಕೇಳಬೇಕು.

ಸರ್ಕಾರಗಳು ರಸ್ತೆಯ ಅಡ್ಡಿಗಳನ್ನು ಒಂದೊಂದಾಗಿ ತೆಗೆದವು. ಕರ್ನಾಟಕ 1979ರಲ್ಲೇ ಆಕ್ಟ್ರಾಯ್ ರದ್ದು ಮಾಡಿತು. ಮಹಾರಾಷ್ಟ್ರದ ಊರುಗಳ ಬಾಯಲ್ಲಿ ಮಾತ್ರ ‘ಜಕಾತ್ ನಾಕಾ’ ಅದಾದ ಮೇಲೂ ಬಹುಕಾಲ ಉಳಿಯಿತು. ಆಮೇಲೆ ಬಂದ ಸ್ಥಳೀಯ ಸಂಸ್ಥೆ ತೆರಿಗೆ ಕೂಡ 2015ರ ಆಗಸ್ಟಿನಲ್ಲಿ ಬಹುಪಾಲು ವ್ಯಾಪಾರಿಗಳ ಮಟ್ಟಿಗೆ ಹೋಯಿತು. 2010ರಲ್ಲಿ ನ್ಯಾಷನಲ್ ಪರ್ಮಿಟ್ ಪಡೆಯುವುದು ಸುಲಭವಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳೂ ಎದ್ದವು. ಡ್ರೈವರಿಗೆ ಸುಖವಾಯಿತು ಅಂದುಕೊಳ್ಳಬೇಡಿ. ನಾಕಾದಲ್ಲಿ ಉಳಿದ ತಾಸುಗಳು ಅವನ ನಿದ್ದೆಗೆ ಸಿಗಲಿಲ್ಲ. 2018ರ ಏಪ್ರಿಲಿನಿಂದ ಬಂದ ಇ-ವೇ ಬಿಲ್ಲಿಗೆ ಅವಧಿ ಉಂಟು. ಮೊದಲು ದಿನಕ್ಕೆ 100 ಕಿ.ಮೀ. ಲೆಕ್ಕವಿದ್ದದ್ದು 2021ರ ಜನವರಿಯಿಂದ 200 ಆಯಿತು. ಕಾಯುವುದು ಗಡಿಯಿಂದ ಕಾರ್ಖಾನೆ ಗೇಟಿಗೆ ವರ್ಗವಾಯಿತು ಅಷ್ಟೆ.

ಇನ್ನೊಂದು ಬದಲಾವಣೆ ಹೊಸಬರಿಗೇ ನೇರ ತಟ್ಟಿತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳು ಇರಬೇಕೆಂಬ ನಿಯಮ 2018ರಲ್ಲಿ ಹೋಯಿತು. ಆ ಎರಡನೇ ಸೀಟೇ ಹೊಸ ಡ್ರೈವರಿನ ಬಾಗಿಲಾಗಿತ್ತು. ಲೈಸೆನ್ಸಿಗೆ ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ತೆಗೆದದ್ದರಿಂದ ಶಾಲೆ ಬಿಟ್ಟ ಹುಡುಗರಿಗೆ ದಾರಿ ತೆರೆಯಿತು, ನಿಜ. ಆದರೆ ಪಕ್ಕದಲ್ಲಿ ಕೂತು ಕಲಿಸುವವನು ಅಪರೂಪವಾದ. 2025ರ ಜೂನ್ 5ರಂದು ಪೂರ್ತಿ ತೆರೆದ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ ಈ ಎರಡೂ ಜಿಲ್ಲೆಗಳನ್ನು ಹಾದು ಹೋಗುತ್ತದೆ. ಅಂಥ ನೆಟ್ಟಗಿನ ರಸ್ತೆಯಲ್ಲಿ ರಾತ್ರಿ ಎರಡರ ಹೊತ್ತಿಗೆ ಕಣ್ಣು ಎಳೆದರೆ ಎಬ್ಬಿಸಲು ಯಾರಿದ್ದಾರೆ? ಅದಕ್ಕೇ ಹೊಸಬನ ಎರಡನೇ ಪ್ರಶ್ನೆ: “ಮೊದಲ ಕೆಲವು ತಿಂಗಳು ನನ್ನ ಜೋಡಿ ಯಾರರೆ ಇರತಾರೇನ್ರಿ?” ಇರುತ್ತಾರೆ ಅನ್ನುವ ಕಡೆ ಸಾವಿರ ರೂಪಾಯಿ ಕಡಿಮೆಯಾದರೂ ಸೇರುವುದು ಲೇಸು.

ಕಾನೂನು ಇಲ್ಲವೇ ಅಂದರೆ, ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಅಂತ ಮಿತಿ ಹಾಕಿತ್ತು. ಐದು ಜನ ಕೆಲಸಗಾರರಿರುವ ಸಂಸ್ಥೆಗೆಲ್ಲ ಅದು ಅನ್ವಯ. ಆದರೆ ಒಂದೋ ಎರಡೋ ಗಾಡಿಯ ಮಾಲೀಕ ಅದರ ಹೊರಗೇ ಉಳಿದ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಆ ಕಾಯಿದೆಯ ಜಾಗಕ್ಕೆ ಬಂದಿದೆ. ಇಲ್ಲಿ ಲೆಕ್ಕ ಐದರಿಂದ ಹತ್ತಕ್ಕೆ ಏರಿದೆ. ಒಳಗೆ ಬರುವವರಿಗೆ ನೇಮಕಾತಿ ಪತ್ರ ಕೊಡಲೇಬೇಕು. ಹಾಗಾಗಿ ಮೂರನೇ ಪ್ರಶ್ನೆ ಸರಳ: “ಆರ್ಡರ್ ಕೊಡ್ತೀರೇನ್ರಿ?” ಕೊಡುವಲ್ಲಿ ಪಿಎಫ್, ಇಎಸ್‌ಐ ಕೇಳಲೂ ಬಾಯಿ ಬರುತ್ತದೆ.

ಸಂಭಾಜಿನಗರದಿಂದ ಬೀಡ, ಧಾರಾಶಿವ, ಸೊಲ್ಲಾಪುರ ದಾಟಿ ವಿಜಯಪುರ, ಹುಬ್ಬಳ್ಳಿ, ಅಂಕೋಲೆ ತನಕ ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 52. ವಿಜಯಪುರ ಸುಮಾರು 400 ಕಿ.ಮೀ. ಅಷ್ಟೇ. ಅಂದರೂ ಹಬ್ಬಕ್ಕೆ ಮನೆ ಮುಟ್ಟುವವನು, ಗೇಟಿನ ಹೊರಗೆ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡು ಕೂರುವವನು ಇಬ್ಬರೂ ಇದೇ ರಸ್ತೆಯವರು. ಊರಲ್ಲಿರುವ ಅಪ್ಪ, ಅಣ್ಣಂದಿರು ಹುಡುಗ ಫೋನ್ ಮಾಡಿ “ಕೆಲಸ ಸಿಕ್ಕಿತು” ಅಂದಾಗ ಪಗಾರ ಎಷ್ಟು ಅಂತ ಕೇಳುವುದು ಸಹಜ. ಕೇಳಲಿ. ಗಾಡಿ ನಿಂತ ದಿನಕ್ಕೆ ಭತ್ತೆ ಎಷ್ಟು, ಪಕ್ಕದಲ್ಲಿ ಯಾರು ಕೂರುತ್ತಾರೆ, ಕೈಯಲ್ಲಿ ಕಾಗದ ಕೊಟ್ಟರೋ ಇಲ್ಲವೋ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿಬಿಟ್ಟರೆ, ಹುಡುಗ ಮರುದಿನ ಆಫೀಸಿನಲ್ಲಿ ಅದನ್ನೇ ಕೇಳುವ ಧೈರ್ಯ ಮಾಡುತ್ತಾನೆ.