ಗಾಳಿಯ ಒತ್ತಡ ಮತ್ತು ಪವನ ವಿದ್ಯುತ್ ಸಾಮರ್ಥ್ಯ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಪವನ ಯಂತ್ರಗಳ ಸ್ಥಾಪನೆಗೆ ಜಮೀನು ನೀಡುವ ಭೂಮಾಲೀಕರಿಗೆ ಹಾಗೂ ಕಟ್ಟಡ, ಗೋಪುರ, ತಗಡಿನ ಛಾವಣಿಯ ಗೋದಾಮು ಮುಂತಾದ ನಿರ್ಮಾಣಗಳಿಗೆ ಪರವಾನಗಿ ಕೋರುವ ಅರ್ಜಿದಾರರಿಗೆ ಅಗತ್ಯವಾದ ಮೂಲಭೂತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಗಾಳಿಯು ವಿದ್ಯುತ್ತಿನ ಮೂಲವೂ ಹೌದು, ಕಟ್ಟಡದ ಮೇಲೆ ಬೀಳುವ ಹೊರೆಯೂ ಹೌದು. ಇವೆರಡನ್ನೂ ಅರಿತು ಅರ್ಜಿ ಸಲ್ಲಿಸಿದಲ್ಲಿ ಅರ್ಜಿದಾರರಿಗೆ ವೃಥಾ ಓಡಾಟವೂ ಮುಂದೆ ಉಂಟಾಗಬಹುದಾದ ನಷ್ಟವೂ ತಪ್ಪುತ್ತದೆ.

1. ತಾಲ್ಲೂಕುಗಳ ಭೌಗೋಳಿಕ ಸ್ಥಿತಿ

ಈ ಮೂರು ತಾಲ್ಲೂಕುಗಳು ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವ ಮತ್ತು ಈಶಾನ್ಯ ದಿಕ್ಕಿಗೆ ಹರಡಿಕೊಂಡಿವೆ. ಅಜ್ಜಂಪುರವು ಮೊದಲು ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಗಿ ರಚನೆಗೊಂಡಿದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳಲ್ಲಿ ಹೆಚ್ಚಿನ ಮಳೆಯನ್ನು ಸುರಿಸಿ, ಘಟ್ಟ ದಾಟಿದ ನಂತರ ಬಯಲು ಸೀಮೆಯತ್ತ ಸಾಗುತ್ತದೆ. ಆದಕಾರಣ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕಡೆ ಮಳೆ ಅಧಿಕವಾಗಿದ್ದು, ಕಡೂರು ಮತ್ತು ಅಜ್ಜಂಪುರದ ಬಯಲಿನಲ್ಲಿ ಮಳೆ ಕಡಿಮೆಯಾಗಿ ಗಾಳಿ ಮಾತ್ರ ಮುಂದುವರಿಯುತ್ತದೆ. ಅಜ್ಜಂಪುರ ಮತ್ತು ಕಡೂರು ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಪವನ ಯಂತ್ರಗಳು ಕಾರ್ಯ ನಿರ್ವಹಿಸುತ್ತಿರುವುದನ್ನು ಸಾರ್ವಜನಿಕರು ಗಮನಿಸಿರಬಹುದು.

ಮುಂಗಾರು ಪೂರ್ವದ ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಡುಗು ಸಹಿತ ಬೀಸುವ ಬಿರುಗಾಳಿಯು ಮೇಲ್ಕಂಡ ಮಾರುತಕ್ಕಿಂತ ಭಿನ್ನವಾದುದು. ಇದು ಅಲ್ಪಕಾಲ ಬೀಸಿ ನಿಲ್ಲುವುದರಿಂದ ವಿದ್ಯುತ್ ಉತ್ಪಾದನೆಗೆ ಪ್ರಯೋಜನಕ್ಕೆ ಬಾರದು. ಆದರೆ ಛಾವಣಿಗಳಿಗೂ ಬಾಳೆ, ಅಡಿಕೆ ತೋಟಗಳಿಗೂ ಹಾನಿ ಮಾಡಬಲ್ಲದು.

2. ಗಾಳಿಯ ವೇಗಕ್ಕೂ ವಿದ್ಯುತ್ತಿಗೂ ಇರುವ ಸಂಬಂಧ

ಗಾಳಿಯಲ್ಲಿ ದೊರೆಯುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗವು ಸೆಕೆಂಡಿಗೆ 4 ಮೀಟರ್‌ನಿಂದ 8 ಮೀಟರ್‌ಗೆ ಏರಿದಲ್ಲಿ ಶಕ್ತಿಯು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಉದಾಹರಣೆಗೆ, 100 ಮೀಟರ್ ವ್ಯಾಸದ ಅಲಗುಚಕ್ರವು ಸುಮಾರು 7,854 ಚದರ ಮೀಟರ್ ವಿಸ್ತೀರ್ಣದ ಗಾಳಿಯನ್ನು ಎದುರಿಸುತ್ತದೆ. ಸಮುದ್ರ ಮಟ್ಟದಿಂದ 750 ಮೀಟರ್‌ಗೂ ಮೇಲಿರುವ ಬಯಲಿನಲ್ಲಿ ವಾಯುವಿನ ಸಾಂದ್ರತೆಯನ್ನು ಘನ ಮೀಟರಿಗೆ 1.08 ಕಿ.ಗ್ರಾಂ ಎಂದು ಹಿಡಿದರೆ, 8 ಮೀಟರ್ ವೇಗದಲ್ಲಿ ಸದರಿ ಚಕ್ರದ ಮೂಲಕ ಹಾಯುವ ಗಾಳಿಯ ಶಕ್ತಿ ಸುಮಾರು 2.17 ಮೆಗಾವ್ಯಾಟ್ ಆಗುತ್ತದೆ. 4 ಮೀಟರ್ ವೇಗದಲ್ಲಿ ಅದು 0.27 ಮೆಗಾವ್ಯಾಟ್ ಮಾತ್ರ. ಇದರ ಪೂರ್ಣ ಭಾಗವನ್ನು ಯಾವ ಯಂತ್ರವೂ ಪಡೆಯಲಾರದು. ಜರ್ಮನಿಯ ಆಲ್ಬರ್ಟ್ ಬೆಟ್ಜ್ ಅವರು ತೋರಿಸಿಕೊಟ್ಟಂತೆ ಗರಿಷ್ಠ ಮಿತಿ ಶೇಕಡ 59.3 ಆಗಿದ್ದು, ವಾಸ್ತವದಲ್ಲಿ ದೊರೆಯುವುದು ಅದಕ್ಕಿಂತಲೂ ಕಡಿಮೆ.

ಎತ್ತರ ಹೆಚ್ಚಿದಂತೆ ನೆಲದ ಘರ್ಷಣೆ ಕಡಿಮೆಯಾಗಿ ಗಾಳಿಯ ವೇಗ ಹೆಚ್ಚುತ್ತದೆ. ಬಯಲು ಪ್ರದೇಶದಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕದಂತೆ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್ ಇರುವ ಗಾಳಿಯು 100 ಮೀಟರ್ ಎತ್ತರದಲ್ಲಿ ಸುಮಾರು 7 ಮೀಟರ್ ಆಗಿರುತ್ತದೆ. ಶಕ್ತಿಯ ಲೆಕ್ಕದಲ್ಲಿ ಇದು ಎರಡೂವರೆ ಪಟ್ಟಿಗೂ ಅಧಿಕ. ಪವನ ಯಂತ್ರಗಳ ಗೋಪುರಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿರುವುದಕ್ಕೆ ಇದೇ ಕಾರಣ.

3. ಸಾಮರ್ಥ್ಯದ ಅಂದಾಜು

ದೇಶದ ಗಾಳಿಯ ಅಂಕಿ ಅಂಶಗಳನ್ನು ವ್ಯವಸ್ಥಿತವಾಗಿ ಕಲೆಹಾಕಿದವರಲ್ಲಿ ಭೌತವಿಜ್ಞಾನಿ ಅನ್ನಾ ಮಣಿ ಅವರು ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದ್ದ ಅವರು, ಭಾರತೀಯ ಹವಾಮಾನ ಇಲಾಖೆಯ ಸೇವೆಯ ನಂತರ ಬೆಂಗಳೂರಿನಿಂದಲೇ ಪವನ ಸಮೀಕ್ಷೆಯನ್ನು ಮುನ್ನಡೆಸಿದರು. ಪ್ರಸ್ತುತ ಈ ಕಾರ್ಯವನ್ನು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯು ನಿರ್ವಹಿಸುತ್ತಿದೆ. ಸದರಿ ಸಂಸ್ಥೆಯ ಅಂದಾಜಿನಂತೆ ಕರ್ನಾಟಕದ ಸಾಮರ್ಥ್ಯವು ಈ ಕೆಳಕಂಡಂತಿದೆ.

100 ಮೀಟರ್ ಎತ್ತರದಲ್ಲಿ: ಸುಮಾರು 55,857 ಮೆಗಾವ್ಯಾಟ್
120 ಮೀಟರ್ ಎತ್ತರದಲ್ಲಿ: ಸುಮಾರು 1,24,000 ಮೆಗಾವ್ಯಾಟ್
150 ಮೀಟರ್ ಎತ್ತರದಲ್ಲಿ: ಸುಮಾರು 1,69,000 ಮೆಗಾವ್ಯಾಟ್

2025ರ ಮಾರ್ಚ್ ಅಂತ್ಯಕ್ಕೆ ರಾಜ್ಯದಲ್ಲಿ ಸ್ಥಾಪಿತವಾಗಿದ್ದ ಪವನ ವಿದ್ಯುತ್ ಸಾಮರ್ಥ್ಯವು 7,000 ಮೆಗಾವ್ಯಾಟ್ ಮೀರಿತ್ತು. ಮೇಲಿನ ಅಂಕಿಗಳು ಇಡೀ ರಾಜ್ಯಕ್ಕೆ ಸಂಬಂಧಿಸಿದವಾಗಿದ್ದು, ಯಾವುದೇ ಒಂದು ಸರ್ವೆ ನಂಬರಿನ ಜಮೀನಿಗೆ ಇವುಗಳನ್ನು ಅನ್ವಯಿಸಲು ಬರುವುದಿಲ್ಲ. ಒಂದು ದಿಣ್ಣೆಯ ನೆತ್ತಿಗೂ ಅದರ ಮರೆಯಲ್ಲಿರುವ ಹೊಲಕ್ಕೂ ಗಾಳಿಯ ವೇಗದಲ್ಲಿ ಬಹಳ ವ್ಯತ್ಯಾಸವಿರುತ್ತದೆ. ಆದ್ದರಿಂದ ಸ್ಥಳದಲ್ಲಿಯೇ ಮಾಪನ ಕಂಬವನ್ನು ನೆಟ್ಟು, ಎಲ್ಲ ಋತುಗಳನ್ನು ಒಳಗೊಳ್ಳುವಂತೆ ವೇಗವನ್ನು ದಾಖಲಿಸುವುದು ವಾಡಿಕೆಯಲ್ಲಿದೆ. ಮಾಪನ ಕಂಬ ನೆಟ್ಟ ಮಾತ್ರಕ್ಕೆ ಆ ಜಮೀನಿನಲ್ಲಿ ಯಂತ್ರ ಸ್ಥಾಪನೆಯಾಗುವುದು ಖಚಿತವೆಂದು ಭಾವಿಸತಕ್ಕದ್ದಲ್ಲ.

4. ಎತ್ತರದ ಕಟ್ಟಡಗಳು ಮತ್ತು ಗಾಳಿಯ ಸಂಶೋಧನೆ

1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆಯು ಸಾಧಾರಣ ಬಿರುಸಿನ ಗಾಳಿಗೆ ತೂಗಾಡಿ ಕುಸಿಯಿತು. ಗಾಳಿಯು ಕೇವಲ ತಳ್ಳುವುದಲ್ಲದೆ ರಚನೆಯನ್ನು ಅಲುಗಾಡಿಸಿಯೂ ಕೆಡವಬಲ್ಲದೆಂಬುದು ಇದರಿಂದ ಎಲ್ಲರ ಅರಿವಿಗೆ ಬಂದಿತು. 1965ರಲ್ಲಿ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಅಲನ್ ಡೇವನ್‌ಪೋರ್ಟ್ ಅವರು ನೆಲದ ಸಮೀಪದ ನೈಜ ಗಾಳಿಯನ್ನು ಹೋಲುವ ಗಾಳಿ ಸುರಂಗವನ್ನು ಸ್ಥಾಪಿಸಿದರು. ಅಂತಹ ಸುರಂಗಗಳಲ್ಲಿ ಕಟ್ಟಡದ ಮಾದರಿಯನ್ನು ಇರಿಸಿ ಅದರ ಮೇಲಿನ ಒತ್ತಡವನ್ನು ಅಳೆಯಲಾಗುತ್ತದೆ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಟ್ಟಡದ ಆಕಾರವನ್ನು ಇಂತಹ ಪರೀಕ್ಷೆಗಳ ಆಧಾರದ ಮೇಲೆ ತಿದ್ದಲಾಯಿತು. ನಮ್ಮ ದೇಶದಲ್ಲಿ ಚೆನ್ನೈನ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವು ಈ ಕ್ಷೇತ್ರದಲ್ಲಿ ಸಂಶೋಧನೆ ಕೈಗೊಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಗಾಳಿ ಸುರಂಗವಿದೆ.

ಇಂತಹ ಸಂಶೋಧನೆಗಳ ಫಲಿತಾಂಶವು ಭಾರತೀಯ ಮಾನಕ 875ರ ಭಾಗ 3ರಲ್ಲಿ ಅಡಕವಾಗಿದ್ದು, ಸದರಿ ಮಾನಕವನ್ನು 2015ರಲ್ಲಿ ಪರಿಷ್ಕರಿಸಲಾಗಿದೆ. ಇದರಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಮೂಲ ಗಾಳಿ ವೇಗವನ್ನು ಗೊತ್ತುಪಡಿಸಲಾಗಿದೆ. ಬೆಂಗಳೂರಿಗೆ ಇದು ಸೆಕೆಂಡಿಗೆ 33 ಮೀಟರ್, ಕರಾವಳಿಯ ಮಂಗಳೂರಿಗೆ 39 ಮೀಟರ್. ಇದು ಸರಾಸರಿ ವೇಗವಲ್ಲ. ಬಲವಾದ ಬೀಸಿನ ವೇಗ. 50 ಮೀಟರ್‌ಗಿಂತ ಅಧಿಕ ಎತ್ತರದ ಕಾಂಕ್ರೀಟ್ ಕಟ್ಟಡಗಳಿಗೆ ಭಾರತೀಯ ಮಾನಕ 16700 ಸಹ ಇದೆ.

5. ಕಟ್ಟಡ ಪರವಾನಗಿ ಅರ್ಜಿದಾರರ ಗಮನಕ್ಕೆ

ಬಹುಮಹಡಿ ಕಟ್ಟಡ ಇಲ್ಲದ ಊರಿನಲ್ಲಿ ಗಾಳಿಯ ಲೆಕ್ಕವೇಕೆ ಎಂಬ ಪ್ರಶ್ನೆ ಸಹಜ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿದ್ದು, 33 ಮೀಟರ್ ವೇಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಆಗುತ್ತದೆ. ಗುಣಾಂಕವನ್ನು 1 ಎಂದು ಹಿಡಿದರೂ 100 ಚದರ ಮೀಟರ್ ತಗಡಿನ ಛಾವಣಿಯನ್ನು ಸುಮಾರು ಆರೂವರೆ ಟನ್ನಿಗೆ ಸಮನಾದ ಬಲವು ಮೇಲಕ್ಕೆ ಎತ್ತುತ್ತದೆ. ತಗಡಿನ ಸ್ವಂತ ತೂಕ ಇದರ ಅಲ್ಪ ಭಾಗ ಮಾತ್ರ. ಅಡಿಕೆ ಸಂಸ್ಕರಣೆಯ ಶೆಡ್ಡು, ಕೋಳಿ ಸಾಕಣೆ ಮನೆ, ಕಲ್ಯಾಣ ಮಂಟಪ ಮುಂತಾದವುಗಳ ಛಾವಣಿ ಹಾರಿಹೋಗುವುದು ಸಾಮಾನ್ಯವಾಗಿ ಗೋಡೆಯ ದೌರ್ಬಲ್ಯದಿಂದಲ್ಲ, ತಗಡು, ತೊಲೆ ಮತ್ತು ಕಂಬಗಳನ್ನು ಬಂಧಿಸುವ ಬೋಲ್ಟುಗಳ ಕೊರತೆಯಿಂದ. ಆದ್ದರಿಂದ:

(ಅ) ನಕ್ಷೆ ತಯಾರಿಸುವ ಇಂಜಿನಿಯರರಿಂದ ಗಾಳಿಯ ಹೊರೆಯ ಲೆಕ್ಕವನ್ನು ಕೇಳಿ ಪಡೆಯುವುದು.
(ಆ) ಒಂದು ಪಾರ್ಶ್ವ ತೆರೆದಿರುವ ಶೆಡ್ಡುಗಳಲ್ಲಿ ಒಳಗಿನ ಒತ್ತಡವೂ ಸೇರುವುದರಿಂದ ಬಂಧನಗಳನ್ನು ಹೆಚ್ಚಿಸುವುದು.
(ಇ) ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಎಳೆತ ಅಧಿಕವಾಗಿರುವುದರಿಂದ ಅಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಅಳವಡಿಸುವುದು.
(ಈ) ಜಾಹೀರಾತು ಫಲಕ, ನೀರಿನ ಟ್ಯಾಂಕು, ಸೌರ ಫಲಕಗಳನ್ನು ಹಳೆಯ ಛಾವಣಿಯ ಮೇಲೆ ಅಳವಡಿಸುವ ಮುನ್ನ ಮೇಲಿನಂತೆಯೇ ಪರಿಶೀಲಿಸುವುದು.

6. ಪವನ ಯಂತ್ರಕ್ಕೆ ಜಮೀನು ನೀಡುವವರ ಗಮನಕ್ಕೆ

ರಾಜ್ಯದಲ್ಲಿ ಪವನ ವಿದ್ಯುತ್ ಯೋಜನೆಗಳಿಗೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ನೋಡಲ್ ಸಂಸ್ಥೆಯಾಗಿದೆ. ಈ ಮೂರು ತಾಲ್ಲೂಕುಗಳ ವಿದ್ಯುತ್ ವಿತರಣೆಯು ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಬರುತ್ತದೆ. ಜಮೀನು ನೀಡುವ ಮುನ್ನ ಭೂಮಾಲೀಕರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

(ಅ) ಯೋಜನೆಯ ಮಂಜೂರಾತಿ ಆದೇಶದ ಪ್ರತಿಯನ್ನು ಸಂಬಂಧಪಟ್ಟವರಿಂದ ಪಡೆದು ಪರಿಶೀಲಿಸುವುದು.

(ಆ) ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯನ್ವಯ ಕಡ್ಡಾಯವಾಗಿ ನೋಂದಾಯಿಸಬೇಕು. ಛಾಪಾ ಕಾಗದದ ಮೇಲೆ ಬರೆದು ಸಹಿ ಮಾಡಿದ ಮಾತ್ರಕ್ಕೆ ಸಾಲದು.

(ಇ) ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಭೂ ಪರಭಾರೆ ನಿಷೇಧ ಕಾಯ್ದೆಯನ್ವಯ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಗುತ್ತಿಗೆಗೆ ನೀಡುವುದೂ ಇದರಲ್ಲಿ ಸೇರುತ್ತದೆ. ಇತರೆ ಮಂಜೂರಾತಿ ಜಮೀನುಗಳಲ್ಲಿ ಆದೇಶದ ಷರತ್ತುಗಳನ್ನು ಪರಿಶೀಲಿಸುವುದು.

(ಈ) ಕೃಷಿ ಜಮೀನಿನ ಕೃಷಿಯೇತರ ಬಳಕೆಗೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕಲಂ 95 ಹಾಗೂ ಕಾಲಕಾಲಕ್ಕೆ ಆದ ತಿದ್ದುಪಡಿಗಳು ಅನ್ವಯವಾಗುತ್ತವೆ.

(ಉ) ಯಂತ್ರದ ತಳಪಾಯಕ್ಕೆ ಬೇಕಾಗುವ ಜಾಗ ಕಡಿಮೆ ಇದ್ದರೂ, ಅಲಗು ಸಾಗಿಸುವ ರಸ್ತೆ, ಕ್ರೇನ್ ನಿಲ್ಲುವ ಸ್ಥಳ ಹಾಗೂ ವಿದ್ಯುತ್ ಮಾರ್ಗಕ್ಕೆ ಪ್ರತ್ಯೇಕ ಜಾಗ ಬೇಕಾಗುತ್ತದೆ. ಇವೆಲ್ಲವನ್ನೂ ನಕ್ಷೆ ಸಹಿತ ಒಪ್ಪಂದದಲ್ಲಿ ನಮೂದಿಸುವುದು.

(ಊ) ಬಾಡಿಗೆ ಏರಿಕೆಯ ಪ್ರಮಾಣ, ಬೆಳೆ ಹಾನಿ ಪರಿಹಾರ, ಯೋಜನೆ ಬೇರೆ ಕಂಪನಿಗೆ ವರ್ಗವಾದಲ್ಲಿ ಬಾಡಿಗೆ ಕೊಡುವ ಹೊಣೆ, ಅವಧಿ ಮುಗಿದ ನಂತರ ಯಂತ್ರ ಮತ್ತು ಕಾಂಕ್ರೀಟ್ ತಳಪಾಯವನ್ನು ತೆಗೆಯುವ ಹೊಣೆ ಯಾರದೆಂಬುದು ಲಿಖಿತದಲ್ಲಿರಬೇಕು. ಬಾಯಿ ಮಾತಿನಲ್ಲಿ ನೀಡಿದ ಉದ್ಯೋಗದ ಅಥವಾ ಉಚಿತ ವಿದ್ಯುತ್ತಿನ ಭರವಸೆಯನ್ನು ನಂತರ ಸಾಬೀತುಪಡಿಸುವುದು ಕಷ್ಟಸಾಧ್ಯ.

7. ಅಂತರ ಮತ್ತು ಶಬ್ದ

ಕೇಂದ್ರ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2016ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಸಾರ್ವಜನಿಕ ರಸ್ತೆ, ರೈಲು ಮಾರ್ಗ, ಕಟ್ಟಡ ಮುಂತಾದವುಗಳಿಂದ ಗೋಪುರದ ಎತ್ತರ, ಚಕ್ರದ ಅರ್ಧ ವ್ಯಾಸ ಮತ್ತು 5 ಮೀಟರ್ ಇವುಗಳ ಮೊತ್ತದಷ್ಟು ಅಂತರವಿರಬೇಕು. ಗೋಪುರ 100 ಮೀಟರ್, ಚಕ್ರದ ವ್ಯಾಸ 100 ಮೀಟರ್ ಇದ್ದಲ್ಲಿ ಈ ಅಂತರ 155 ಮೀಟರ್ ಆಗುತ್ತದೆ. ಶಬ್ದದ ತೊಂದರೆ ನಿವಾರಣೆಗಾಗಿ ಕನಿಷ್ಠ 500 ಮೀಟರ್ ಅಂತರವನ್ನು ಸದರಿ ಮಾರ್ಗಸೂಚಿ ಸೂಚಿಸಿದೆ. ತೋಟದ ಮನೆಗಳಲ್ಲಿ ವಾಸಿಸುವವರು ತಮ್ಮ ಮನೆಯು ಯೋಜನೆಯ ನಕ್ಷೆಯಲ್ಲಿ ಗುರುತಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಆಕ್ಷೇಪಣೆ ಇದ್ದಲ್ಲಿ ಕಾಮಗಾರಿ ಆರಂಭವಾಗುವ ಮುನ್ನವೇ ಲಿಖಿತವಾಗಿ ಸಲ್ಲಿಸುವುದು ಸೂಕ್ತ.

8. ಅರಣ್ಯ ಮತ್ತು ಕಾವಲು ಜಮೀನುಗಳು

ಗಾಳಿ ಹೆಚ್ಚಿರುವ ಗುಡ್ಡಗಳಲ್ಲಿ ಹಲವು ಅರಣ್ಯ ವ್ಯಾಪ್ತಿಯಲ್ಲಿರುತ್ತವೆ. ಅರಣ್ಯ ಭೂಮಿಯ ಬಳಕೆಗೆ 1980ರ ವನ (ಸಂರಕ್ಷಣ ಏವಂ ಸಂವರ್ಧನ) ಅಧಿನಿಯಮದನ್ವಯ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಅಗತ್ಯ. ತರೀಕೆರೆ ತಾಲ್ಲೂಕಿಗೆ ಹೊಂದಿಕೊಂಡಂತೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಈ ಭಾಗದಲ್ಲಿ ಅಮೃತಮಹಲ್ ಕಾವಲುಗಳಿದ್ದು, ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗಗಳ ರಕ್ಷಣೆಗಾಗಿ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬಯಲಾಗಿ ಕಾಣುವ ಹುಲ್ಲುಗಾವಲು ಪಾಳು ಭೂಮಿಯಲ್ಲವೆಂಬುದನ್ನು ಅರ್ಜಿದಾರರು ಗಮನದಲ್ಲಿರಿಸಿಕೊಳ್ಳತಕ್ಕದ್ದು.

9. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ಚಾಲ್ತಿ ಸಾಲಿನ ಪಹಣಿ ಮತ್ತು ಮ್ಯುಟೇಷನ್ ಪ್ರತಿ
(ಆ) ಋಣಭಾರ ಪ್ರಮಾಣ ಪತ್ರ
(ಇ) ಸರ್ವೆ ನಕ್ಷೆ. ಭಾಗಶಃ ಜಮೀನಾದಲ್ಲಿ 11-ಇ ನಕ್ಷೆ
(ಈ) ಮಂಜೂರಾತಿ ಜಮೀನಾದಲ್ಲಿ ಮಂಜೂರಾತಿ ಆದೇಶದ ಪ್ರತಿ
(ಉ) ಜಂಟಿ ಖಾತೆಯಾದಲ್ಲಿ ಎಲ್ಲ ಖಾತೆದಾರರ ಲಿಖಿತ ಒಪ್ಪಿಗೆ

ಪಹಣಿಯಲ್ಲಿ ಮೃತರ ಹೆಸರು ಮುಂದುವರಿದಿದ್ದಲ್ಲಿ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳುವುದು. ಈ ಸಂಬಂಧ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು. ಸಕಾಲ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯುವುದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರ. ಯೋಜನೆಯ ಮಂಜೂರಾತಿ ಹಾಗೂ ನಕ್ಷೆಯ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದನ್ವಯ ಸಂಬಂಧಪಟ್ಟ ಸಾರ್ವಜನಿಕ ಪ್ರಾಧಿಕಾರದಿಂದ ಕೋರಬಹುದು.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಕಾಯ್ದೆ, ನಿಯಮ ಮತ್ತು ಸರ್ಕಾರಿ ಆದೇಶಗಳೇ ಅಂತಿಮವಾಗಿರುತ್ತವೆ.