'ಮೌಲಾನಾ' ಶಬ್ದದ ಪೂರ್ವೋತ್ತರ

ಮೌಲಾನಾ ಅಬುಲ್ ಕಲಾಂ ಆಜಾದರ (1888–1958) ಹೆಸರನ್ನು ಕೇಳದವರು ವಿರಳ. ಆ 'ಮೌಲಾನಾ' ಹೆಸರಿನ ಭಾಗವಲ್ಲ, ವಿದ್ವತ್ತಿಗೆ ಸಂದ ಬಿರುದು ಎಂಬುದನ್ನೂ ಬಹುಮಂದಿ ಬಲ್ಲರು. ಅರಬ್ಬಿಯಲ್ಲಿ 'ಮೌಲಾ' ಎಂದರೆ ಒಡೆಯ. 'ನಾ' ಎಂದರೆ ನಮ್ಮ. 'ನಮ್ಮೊಡೆಯ' ಎಂದು ಅರ್ಥ ಹೇಳಿ ಮುಗಿಸಬಹುದಾಗಿತ್ತು. ಆದರೆ ಅದೇ 'ಮೌಲಾ'ಕ್ಕೆ ಬಿಡುಗಡೆ ಹೊಂದಿದ ದಾಸ, ಆಶ್ರಿತ ಎಂಬ ಅರ್ಥಗಳೂ ಉಂಟು!

ಇದರ ಧಾತುವಿನ ಮೂಲಾರ್ಥ ಸಾಮೀಪ್ಯ. ಇಬ್ಬರ ನಡುವಣ ನಂಟನ್ನು ಹೇಳುವ ಮಾತಾದ್ದರಿಂದ ಅದು ಇಬ್ಬರಿಗೂ ಸಂದಿತು. ಇಸ್ಲಾಮಿನ ಮೊದಲ ಶತಮಾನದಲ್ಲಿ ಅರಬನಲ್ಲದವನು ಆ ಮತವನ್ನು ಸ್ವೀಕರಿಸಿದರೆ ಯಾವುದಾದರೊಂದು ಅರಬ ಕುಲದ 'ಮೌಲಾ' ಆಗಿ ಸೇರಿಕೊಳ್ಳುವುದು ವಾಡಿಕೆಯಾಗಿತ್ತು. ಮತ ಒಂದಾದರೂ ಮಾನ ಒಂದಾಗಲಿಲ್ಲ. ಕೆಲವೆಡೆ ತಲೆಗಂದಾಯವೂ ತಪ್ಪಲಿಲ್ಲ. 750ರಲ್ಲಿ ಉಮಯ್ಯದ್ ಖಲೀಫರ ಆಳ್ವಿಕೆ ಉರುಳಿದ್ದಕ್ಕೆ ಈ ಅಸಮಾಧಾನವೂ ಒಂದು ಕಾರಣ. ವಿಚಿತ್ರವೆಂದರೆ, ಧರ್ಮಶಾಸ್ತ್ರದ ವಿದ್ಯೆ ಬಹುಮಟ್ಟಿಗೆ ಬೆಳೆದದ್ದು ಈ ಆಶ್ರಿತರ ಮನೆಗಳಲ್ಲಿಯೇ. 728ರಲ್ಲಿ ತೀರಿಕೊಂಡ ಪ್ರಸಿದ್ಧ ವಿದ್ವಾಂಸ ಬಸ್ರಾದ ಹಸನನ ತಂದೆ ಯುದ್ಧದ ಸೆರೆಯಾಳೆಂದು ಚರಿತ್ರಕಾರರ ಹೇಳಿಕೆ. ಬಿರುದು ಹುಟ್ಟಿದ್ದು 'ಒಡೆಯ' ಎಂಬ ಅರ್ಥದಿಂದಲೇ, ನಿಜ. ಆದರೂ ಆಳಿನ ಮಗನೇ ಗುರುವಾದ ಕಥೆ ಶಬ್ದದ ಬೆನ್ನಿಗಿದೆ.

ಅರ್ಥ ಎರಡಾದರೆ ತೊಡಕೂ ಉಂಟಷ್ಟೆ. 632ರಲ್ಲಿ ಪ್ರವಾದಿ ಮಹಮ್ಮದರು ಕೊನೆಯ ಹಜ್ ಮುಗಿಸಿ ಮರಳುವಾಗ, ಗದೀರ್ ಖುಮ್ ಎಂಬಲ್ಲಿ, ತಾವು ಯಾರಿಗೆ ಮೌಲಾ ಆಗಿರುವರೋ ಅವರಿಗೆ ತಮ್ಮ ಅಳಿಯ ಅಲಿಯೂ ಮೌಲಾ ಎಂದರೆಂದು ಪ್ರತೀತಿ. ಸುನ್ನಿಗಳ ಗ್ರಂಥಗಳಲ್ಲೂ ಈ ಮಾತು ಇದೆ. ಷಿಯಾಗಳು ಇಲ್ಲಿ 'ಅಧಿಪತಿ' ಎಂದು ಓದಿ, ಉತ್ತರಾಧಿಕಾರ ಅಲಿಗೇ ಸಂದಿತೆನ್ನುತ್ತಾರೆ. ಸುನ್ನಿಗಳು 'ಆಪ್ತ' ಎಂದು ಓದುತ್ತಾರೆ. ಒಂದು ಶಬ್ದದ ವ್ಯಾಖ್ಯಾನಕ್ಕೆ ಇಷ್ಟು ಭಾರ ಬಿದ್ದುದು ಚರಿತ್ರೆಯಲ್ಲಿ ಅಪರೂಪ. ನಮ್ಮ ರಾಯಚೂರು ಸೀಮೆಯಲ್ಲಿ ಕೇಳಿಬರುವ 'ಮೌಲಾಲಿ' ಎಂಬ ಹೆಸರು ಈ 'ಮೌಲಾ ಅಲಿ'ಯೇ.

ಮುಂದೆ ಶಬ್ದ ದೇಶಾಂತರ ಹೋಯಿತು. 1273ರಲ್ಲಿ ಕೋನ್ಯಾದಲ್ಲಿ ತೀರಿಕೊಂಡ ಕವಿ ರೂಮಿಯನ್ನು ತುರ್ಕರು ಇಂದಿಗೂ ಬರಿದೆ 'ಮೆವ್ಲಾನಾ' ಎನ್ನುತ್ತಾರೆ. 'ಮೌಲ್ವಿ' ಇದೇ ಮೂಲದ್ದು. ಪಾರಸಿಯವರ ನಾಲಗೆಯಲ್ಲಿ 'ಮೌಲಾ' ಸವೆದು 'ಮುಲ್ಲಾ' ಆಯಿತು. ಆಟೊಮನ್ ಸಾಮ್ರಾಜ್ಯದಲ್ಲಿ ಹಿರಿಯ ನ್ಯಾಯಾಧೀಶನಿಗೆ 'ಮೊಲ್ಲಾ' ಎಂಬ ಪದವಿಯಿತ್ತು. ನಮ್ಮಲ್ಲಾದರೋ ಹಳ್ಳಿಯ ಮಸೀದಿಯನ್ನು ನೋಡಿಕೊಂಡು, ಮಕ್ಕಳಿಗೆ ಅಕ್ಷರ ಕಲಿಸಿ, ಕೊಟ್ಟಷ್ಟು ಕಾಳು ಪಡೆದು ಹೋಗುವ ಬಡವನೂ ಮುಲ್ಲಾ.